ಕೋಳಿಗೂಡಿನಿಂದ ಮ್ಯೂಸಿಯಂವರೆಗೆ: ಜೂಲಿಯಾ ಮಾರ್ಗರೆಟ್ ಕ್ಯಾಮರೂನ್

ಇಂಗ್ಲೆಂಡಿನ ದಕ್ಷಿಣಕ್ಕೆ ಐಲ್ ಆಫ್ ವೈಟ್ ಎಂಬ ಸಣ್ಣ ದ್ವೀಪವಿದೆ. ಅಲ್ಲಿನ ಫ್ರೆಶ್‌ವಾಟರ್ ಹಳ್ಳಿಯಲ್ಲಿ 1864ರ ಸುಮಾರಿಗೆ ಒಬ್ಬ ಗೃಹಿಣಿ ಮನೆಯ ಕೋಳಿಗಳನ್ನೆಲ್ಲ ಹೊರಗೆ ಬಿಟ್ಟು, ಗಾಜು ಹಾಕಿದ್ದ ಕೋಳಿಗೂಡನ್ನು ಫೋಟೋ ಸ್ಟುಡಿಯೋ ಮಾಡಿಕೊಂಡರು. ಕಲ್ಲಿದ್ದಲು ತುಂಬಿಡುತ್ತಿದ್ದ ಕೊಠಡಿ ಕತ್ತಲೆ ಕೋಣೆಯಾಯಿತು. ಅವರೇ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್. ಬೇಸರ ಕಳೆಯಲೆಂದು ಮಗಳು ಮತ್ತು ಅಳಿಯ 1863ರ ಡಿಸೆಂಬರಿನಲ್ಲಿ ಕ್ಯಾಮೆರಾ ಕೊಟ್ಟಾಗ ಅವರಿಗೆ 48 ವರ್ಷ.

ಜೂಲಿಯಾ ಹುಟ್ಟಿದ್ದು ನಮ್ಮ ಕಲ್ಕತ್ತಾದಲ್ಲಿ, 1815ರ ಜೂನ್ 11ರಂದು. ತಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಓದಿದ್ದು ಫ್ರಾನ್ಸಿನಲ್ಲಿ. 1838ರಲ್ಲಿ ಕಲ್ಕತ್ತಾದಲ್ಲೇ ತಮಗಿಂತ 20 ವರ್ಷ ದೊಡ್ಡವರಾದ ಚಾರ್ಲ್ಸ್ ಹೇ ಕ್ಯಾಮರೂನ್ ಅವರನ್ನು ಮದುವೆಯಾದರು. ಈ ಚಾರ್ಲ್ಸ್ ಯಾರೆಂದರೆ, ಮೆಕಾಲೆ ಜೊತೆ ಕುಳಿತು ಭಾರತೀಯ ದಂಡ ಸಂಹಿತೆಯ ಕರಡು ಸಿದ್ಧಪಡಿಸಿದ ಆಯೋಗದ ಸದಸ್ಯರು. 2024ರ ಜುಲೈ ತನಕ ನಮ್ಮ ಠಾಣೆಗಳಲ್ಲಿ ಎಫ್‌ಐಆರ್ ಬರೆಯುತ್ತಿದ್ದ ಐಪಿಸಿ ಅದೇ. 1848ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಆಸ್ತಿ ಮಾತ್ರ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಕಾಫಿ ತೋಟಗಳಲ್ಲಿತ್ತು.

ಆಗ ಫೋಟೋ ತೆಗೆಯುವುದು ಸುಲಭದ ಕೆಲಸವಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒಣಗುವ ಮೊದಲೇ ಕ್ಯಾಮೆರಾದಲ್ಲಿಟ್ಟು ಚಿತ್ರ ತೆಗೆದು ತೊಳೆಯಬೇಕು. ಕೈಬೆರಳು, ಬಟ್ಟೆ ಎಲ್ಲ ಕಪ್ಪು. ಎದುರು ಕುಳಿತವರು ನಿಮಿಷಗಟ್ಟಲೆ ಅಲುಗಾಡುವಂತಿಲ್ಲ.

ಕುಳಿತವರಾದರೂ ಯಾರು? ಮನೆಕೆಲಸದ ಮೇರಿ ಹಿಲ್ಲಿಯರ್ ಮೇರಿ ಮಾತೆಯಾದಳು. ನೆರೆಮನೆಯ ಮಕ್ಕಳು ಬೆನ್ನಿಗೆ ಹಂಸದ ರೆಕ್ಕೆ ಕಟ್ಟಿಸಿಕೊಂಡು ದೇವದೂತರಾದರು. ಹಡಗುಕಟ್ಟೆಯ ಹಮಾಲಿ ಆರ್ಥರ್ ಮಹಾರಾಜನಾದ. ನಮ್ಮ ಊರಿನ ನಾಟಕದಲ್ಲಿ ಪೋಸ್ಟ್‌ಮ್ಯಾನ್ ಭೀಮನಾಗುತ್ತಾನಲ್ಲ, ಹಾಗೆಯೇ. ಕವಿ ಟೆನಿಸನ್ ಪಕ್ಕದ ಮನೆಯವರು. ಅವರ ಕಾವ್ಯಕ್ಕೆಂದು 1874ರಲ್ಲಿ ಆರ್ಥರ್ ರಾಜನ ಕೊನೆಯ ದೋಣಿಯಾನದ ಚಿತ್ರ ತೆಗೆದಾಗ ನೀರಿಗೆ ಬದಲು ತೆಳು ಮಸ್ಲಿನ್ ಬಟ್ಟೆ ಹಾಸಿದರು, ಚಂದ್ರನನ್ನು ನೆಗೆಟಿವ್ ಮೇಲೆ ಗೀಚಿದರು. ವಿಜ್ಞಾನಿಗಳಾದ ಡಾರ್ವಿನ್, ಹರ್ಷಲ್ ಅವರಂಥವರ ಮುಖಗಳನ್ನೂ ತೆಗೆದರು. ಇಂದಿಗೂ ಪುಸ್ತಕಗಳಲ್ಲಿ ಕಾಣುವ ಗಡ್ಡದ ಡಾರ್ವಿನ್ ಚಿತ್ರಗಳಲ್ಲಿ ಒಂದು 1868ರಲ್ಲಿ ಜೂಲಿಯಾ ತೆಗೆದದ್ದು.

ಚಿತ್ರಗಳು ಸ್ವಲ್ಪ ಮಸುಕು, ಕನಸಿನಲ್ಲಿ ಕಂಡಂತೆ. ಕೆಲವದರ ಮೇಲೆ ಬೆರಳಚ್ಚು, ಗೀರು, ಬಿರುಕು. ಫೋಟೋಗ್ರಫಿ ಪತ್ರಿಕೆಯವರು ಈಕೆಗೆ ಫೋಕಸ್ ಮಾಡಲೂ ಬಾರದು ಎಂದು ಜರೆದರು. ಜೂಲಿಯಾ ಬದಲಾಗಲಿಲ್ಲ. ಕಣ್ಣಿಗೆ ಚೆಂದ ಕಂಡಾಗ ಲೆನ್ಸ್ ತಿರುಗಿಸುವುದನ್ನು ನಿಲ್ಲಿಸುತ್ತಿದ್ದರು, ಅಷ್ಟೆ. ಮೊದಲು ಅದು ಕೈತಪ್ಪಿದ್ದೇ ಇರಬಹುದು. ಆದರೆ ಬೈಗುಳ ಕೇಳಿದ ಮೇಲೂ ವರ್ಷಗಟ್ಟಲೆ ಹಾಗೆಯೇ ತೆಗೆದದ್ದನ್ನು ತಪ್ಪು ಎನ್ನಲಾಗದು.

ಕೈಹಿಡಿದದ್ದು ಮ್ಯೂಸಿಯಂ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ (ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್) ನಿರ್ದೇಶಕ ಹೆನ್ರಿ ಕೋಲ್ 1865ರಲ್ಲಿ ಅವರ ಚಿತ್ರಗಳನ್ನು ಕೊಂಡು ಅದೇ ವರ್ಷ ಪ್ರದರ್ಶಿಸಿದರು. ಕ್ಯಾಮೆರಾ ಹಿಡಿದು ಎರಡು ವರ್ಷವೂ ತುಂಬಿರಲಿಲ್ಲ! ಜೀವಿತಕಾಲದಲ್ಲಿ ಅವರಿಗೆ ಸಿಕ್ಕ ಮ್ಯೂಸಿಯಂ ಪ್ರದರ್ಶನ ಅದೊಂದೇ. 1868ರಲ್ಲಿ ಅಲ್ಲೇ ಎರಡು ಕೋಣೆಗಳನ್ನು ಸ್ಟುಡಿಯೋಗೆಂದು ಕೊಟ್ಟರು.

ಹೆಸರು ಬಂತು, ಹಣ ಬರಲಿಲ್ಲ. ಕಾಫಿ ತೋಟದ ಆದಾಯ ಕುಸಿಯುತ್ತಿತ್ತು, ಚಿತ್ರ ಮಾರಿ ಮನೆ ನಡೆಯುವಂತಿರಲಿಲ್ಲ. 1875ರಲ್ಲಿ ದಂಪತಿ ಸಿಲೋನಿಗೆ ಹೊರಟರು. ಸಾಮಾನಿನ ಜೊತೆ ತಮಗೆಂದು ಎರಡು ಶವಪೆಟ್ಟಿಗೆಗಳನ್ನೂ ಒಯ್ದರೆಂದು ಹೇಳುತ್ತಾರೆ. ಅಲ್ಲಿ ತೆಗೆದ ಚಿತ್ರಗಳಲ್ಲಿ ಉಳಿದಿರುವುದು ಕೆಲವೇ. ಅವುಗಳಲ್ಲಿ ಸ್ಥಳೀಯರು, ತೋಟದ ಕೂಲಿಯವರು ಇದ್ದಾರೆ. ಇಂಗ್ಲೆಂಡಿನ ಮನೆಕೆಲಸದ ಹುಡುಗಿಯ ಹೆಸರು ಪುಸ್ತಕಗಳಲ್ಲಿ ಉಳಿದಿದೆ, ಈ ಕೂಲಿಯವರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಇದೊಂದು ಕೊರತೆಯೇ.

1879ರ ಜನವರಿ 26ರಂದು ಜೂಲಿಯಾ ಸಿಲೋನಿನಲ್ಲೇ ತೀರಿಕೊಂಡರು. 1926ರಲ್ಲಿ ಅವರ ಚಿತ್ರಗಳ ಪುಸ್ತಕಕ್ಕೆ ಮುನ್ನುಡಿ ಬರೆದವರಲ್ಲಿ ಒಬ್ಬರು ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್, ಜೂಲಿಯಾ ಅವರ ತಂಗಿಯ ಮೊಮ್ಮಗಳು. 2015ರಲ್ಲಿ, ಹುಟ್ಟಿ 200 ವರ್ಷವಾದಾಗ, ಮೊದಲ ಪ್ರದರ್ಶನ ನಡೆಸಿದ್ದ ಮ್ಯೂಸಿಯಮ್ಮೇ ಮತ್ತೆ ಪ್ರದರ್ಶನ ಏರ್ಪಡಿಸಿತು. 2024ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯು ಅಮೆರಿಕದ ಫ್ರಾನ್ಸೆಸ್ಕಾ ವುಡ್‌ಮನ್ ಅವರ ಚಿತ್ರಗಳ ಜೊತೆ ಇವರ ಚಿತ್ರಗಳನ್ನಿಟ್ಟಿತು. ಆ ಪ್ರದರ್ಶನದ ಹೆಸರಿನಲ್ಲೂ ಕನಸಿತ್ತು.

ಗಂಡ ಚಾರ್ಲ್ಸ್ 1880ರಲ್ಲಿ ತೀರಿಕೊಂಡರು. ಶ್ರೀಲಂಕಾದ ಬೊಗವಂತಲಾವದ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಇಬ್ಬರ ಸಮಾಧಿ ಇದೆ. ಕಾಫಿ ಹೋಗಿ ಅಲ್ಲೀಗ ಸುತ್ತಲೂ ಚಹಾ ತೋಟ.