ಕುಡಿತದಿಂದ ಪಾರಾಗಲು ಇನ್ನೊಬ್ಬ ಕುಡುಕನನ್ನು ಹುಡುಕಿ ಹೊರಟ ಬಿಲ್ ವಿಲ್ಸನ್

ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಪುಟ್ಟ ಊರಿನಲ್ಲಿ ವಿಲ್ಸನ್ ಕುಟುಂಬದವರು ಒಂದು ಹೋಟೆಲ್ ನಡೆಸುತ್ತಿದ್ದರು. ಆ ಹೋಟೆಲಿನ ಬಾರ್ ಹಿಂದಿದ್ದ ಕೋಣೆಯಲ್ಲಿ 1895ರ ನವೆಂಬರ್ 26ರಂದು ಒಂದು ಗಂಡು ಮಗು ಹುಟ್ಟಿತು. ಹೆಸರು ವಿಲಿಯಂ ಗ್ರಿಫಿತ್ ವಿಲ್ಸನ್. ಮುಂದೆ ಲಕ್ಷಾಂತರ ಜನ ಕುಡಿತ ಬಿಡಲು ದಾರಿ ಮಾಡಿಕೊಟ್ಟ ಈ ಮನುಷ್ಯ ವೈದ್ಯರಲ್ಲ, ಪಾದ್ರಿಯಲ್ಲ, ಸಮಾಜ ಸುಧಾರಕರೂ ಅಲ್ಲ. ಷೇರುಪೇಟೆಯಲ್ಲಿ ದುಡ್ಡು ಮಾಡಿ, ಅದನ್ನು ಕಳೆದುಕೊಂಡು, ಮತ್ತೆ ಮತ್ತೆ ಆಸ್ಪತ್ರೆ ಸೇರಿದ ಒಬ್ಬ ಕುಡುಕ. ಅವರು ಕಟ್ಟಿದ ಸಂಸ್ಥೆ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ.

ಬಿಲ್ ಚಿಕ್ಕವರಿದ್ದಾಗಲೇ ಅಪ್ಪ ಮನೆ ಬಿಟ್ಟು ಹೋದರು. ಅಮ್ಮ ವೈದ್ಯಕೀಯ ಓದಲು ಬಾಸ್ಟನ್‌ಗೆ ಹೋದರು. ಹುಡುಗ ಬೆಳೆದದ್ದು ತಾಯಿಯ ತಂದೆತಾಯಿಯ ಮನೆಯಲ್ಲಿ. ಬೂಮರಾಂಗ್ ಮಾಡುವುದು ಆಸ್ಟ್ರೇಲಿಯಾದವರಿಗೆ ಮಾತ್ರ ಸಾಧ್ಯ ಎಂದು ತಾತ ಒಮ್ಮೆ ಹೇಳಿದ್ದೇ ತಡ, ತಿಂಗಳುಗಟ್ಟಲೆ ಮರ ಕೆತ್ತಿ ಕೂತು ಕೊನೆಗೂ ಒಂದನ್ನು ಮಾಡಿಯೇ ತೋರಿಸಿದ. ಎಲ್ಲದರಲ್ಲೂ ತಾನೇ ಮೊದಲಿಗನಾಗಬೇಕೆಂಬ ಹಟ ಆಗಲೇ ಇತ್ತು. ಹದಿನೇಳನೇ ವಯಸ್ಸಿಗೆ ಕಾಲಿಡುವ ಹೊತ್ತಿಗೆ, 1912ರಲ್ಲಿ, ಪ್ರೀತಿಸಿದ ಹುಡುಗಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಹುಡುಗ ಬಹುಕಾಲ ಖಿನ್ನತೆಗೆ ಜಾರಿದ. ಆ ಖಿನ್ನತೆ ಮುಂದೆ ಕುಡಿತ ಬಿಟ್ಟ ಮೇಲೂ ಅವರನ್ನು ಬಿಡಲಿಲ್ಲ.

ಮೊದಲ ಗ್ಲಾಸ್ ಹಿಡಿದದ್ದು 1917ರಲ್ಲಿ, ಮೊದಲ ಮಹಾಯುದ್ಧಕ್ಕೆ ಸೇನೆ ಸೇರಿದ ಯುವ ಅಧಿಕಾರಿಯಾಗಿ, ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನ ಪಾರ್ಟಿಗಳಲ್ಲಿ. ನಾಲ್ಕು ಜನರ ಮುಂದೆ ಮಾತಾಡಲು ಮುಜುಗರಪಡುತ್ತಿದ್ದ ಯುವಕನಿಗೆ ಆ ಗ್ಲಾಸು ಧೈರ್ಯ ಕೊಟ್ಟಿತು. 1918ರ ಜನವರಿ 24ರಂದು ಲೋಯಿಸ್ ಬರ್ನ್‌ಹ್ಯಾಮ್ ಅವರನ್ನು ಮದುವೆಯಾಗಿ ಫ್ರಾನ್ಸ್‌ಗೆ ಹೋಗಿ ಬಂದರು. ವಾಪಸಾದ ಮೇಲೆ ಬ್ರೂಕ್ಲಿನ್‌ನಲ್ಲಿ ಕಾನೂನು ಓದಿದರು, ಪದವಿ ಮಾತ್ರ ಕೈಗೆ ಬರಲಿಲ್ಲ. ಕೈ ಹಿಡಿದದ್ದು ಷೇರುಪೇಟೆ. 1925ರಲ್ಲಿ ಗಂಡ ಹೆಂಡತಿ ಮೋಟಾರ್‌ಸೈಕಲ್ ಏರಿ ಊರೂರು ತಿರುಗಿ, ಕಂಪನಿಗಳ ಕಾರ್ಖಾನೆ ನೋಡಿ, ಒಳಗಿನ ಸ್ಥಿತಿ ತಿಳಿದುಕೊಂಡು ವಾಲ್ ಸ್ಟ್ರೀಟ್‌ಗೆ ವರದಿ ಕಳಿಸುತ್ತಿದ್ದರು. ಇವತ್ತು ದೊಡ್ಡ ದೊಡ್ಡ ಸಂಸ್ಥೆಗಳು ಮಾಡುವ ಷೇರು ಸಂಶೋಧನೆಯನ್ನು ಅವರು ಟೆಂಟ್ ಕಟ್ಟಿಕೊಂಡು ಮಾಡಿದರು. ಹಣ ಹರಿದು ಬಂತು, ಜೊತೆಗೆ ಮದ್ಯವೂ.

1929ರಲ್ಲಿ ಷೇರುಪೇಟೆ ಕುಸಿಯಿತು. ದಂಪತಿ ಬ್ರೂಕ್ಲಿನ್‌ನ ಕ್ಲಿಂಟನ್ ಸ್ಟ್ರೀಟ್‌ನಲ್ಲಿದ್ದ ಲೋಯಿಸ್ ತವರುಮನೆ ಸೇರಿದರು. ಲೋಯಿಸ್ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ದುಡಿದು ತಂದ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ನಮ್ಮಲ್ಲಿ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡುವಂತೆ, ಇನ್ನು ಕುಡಿಯುವುದಿಲ್ಲ ಎಂದು ಬಿಲ್ ಮನೆಯ ಬೈಬಲ್‌ನ ಪುಟದಲ್ಲೇ ಹೆಂಡತಿಗೆ ಬರೆದುಕೊಟ್ಟಿದ್ದರು. ಒಂದು ಸಲ ಅಲ್ಲ, ಹಲವು ಸಲ.

ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆಗೆ 1933-34ರಲ್ಲಿ ಅವರು ನಾಲ್ಕು ಬಾರಿ ದಾಖಲಾದರು. ಅಲ್ಲಿನ ಡಾ. ವಿಲಿಯಂ ಸಿಲ್ಕ್‌ವರ್ತ್ ಕುಡಿತವನ್ನು ನಡತೆಗೆಟ್ಟವರ ಚಾಳಿ ಎಂದು ನೋಡದೆ ಕಾಯಿಲೆ ಎಂದು ನೋಡಿದ ವೈದ್ಯರು. ಒಂದು ತೊಟ್ಟು ಒಳಗೆ ಹೋದರೆ ದೇಹ ಇನ್ನಷ್ಟು ಬೇಡುತ್ತದೆ, ಆ ಮೊದಲ ತೊಟ್ಟಿನ ಕಡೆಗೆ ಮನಸ್ಸು ಎಳೆಯುತ್ತದೆ ಎಂಬುದು ಅವರ ವಿವರಣೆ. ಬಿಲ್‌ಗೆ ಕಾಯಿಲೆ ಅರ್ಥವಾಯಿತು. ಆದರೂ ಕುಡಿದರು.

1934ರ ನವೆಂಬರ್‌ನಲ್ಲಿ ಹಳೆಯ ಗೆಳೆಯ ಎಬಿ ಥ್ಯಾಚರ್ ಮನೆಗೆ ಬಂದರು. ತನ್ನಷ್ಟೇ ಕುಡಿಯುತ್ತಿದ್ದ ಈ ಗೆಳೆಯ ಗ್ಲಾಸ್ ಮುಟ್ಟದಿದ್ದುದು ಬಿಲ್‌ಗೆ ಅಚ್ಚರಿ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗ ಸೇರಿ ಎಬಿ ಕುಡಿತ ನಿಲ್ಲಿಸಿದ್ದರು. ದೇವರ ಮಾತೆಂದರೆ ಮುಖ ತಿರುಗಿಸುತ್ತಿದ್ದ ಬಿಲ್‌ಗೆ ಅವರ ಮಾತಿಗಿಂತ ಎದುರಿಗೆ ಕೂತಿದ್ದ ಮನುಷ್ಯನೇ ಸಾಕ್ಷಿಯಾದ. ಡಿಸೆಂಬರ್‌ನಲ್ಲಿ ಕೊನೆಯ ಬಾರಿಗೆ ಆಸ್ಪತ್ರೆ ಸೇರಿದಾಗ ಕೋಣೆಯ ತುಂಬ ಬೆಳಕು ತುಂಬಿದಂಥ ಒಂದು ಅನುಭವವಾಯಿತು. ಆಗ ಅವರಿಗೆ ಕೊಡುತ್ತಿದ್ದ ಚಿಕಿತ್ಸೆಯಲ್ಲಿ ಭ್ರಮೆ ಹುಟ್ಟಿಸಬಲ್ಲ ಬೆಲ್ಲಡೋನ ಇತ್ತು ಎಂದು ಸಂಶಯಪಡುವವರೂ ಇದ್ದಾರೆ. ಅದು ಏನೇ ಇರಲಿ, ಬಿಲ್ ಮತ್ತೆ ಕುಡಿಯಲಿಲ್ಲ.

ಆಕ್ರನ್‌ನ ಆ ಭಾನುವಾರ

ಹೊರಬಂದ ಬಿಲ್ ಕಂಡ ಕಂಡ ಕುಡುಕರನ್ನೆಲ್ಲ ಉದ್ಧಾರ ಮಾಡಲು ಹೊರಟರು. ತನ್ನ ಬೆಳಕಿನ ಕತೆ ಹೇಳಿದರು, ಉಪದೇಶ ಮಾಡಿದರು, ಕೆಲವರನ್ನು ಮನೆಗೇ ಕರೆತಂದು ಇಟ್ಟುಕೊಂಡರು. ತಿಂಗಳುಗಳು ಉರುಳಿದರೂ ಒಬ್ಬರೂ ಕುಡಿತ ಬಿಡಲಿಲ್ಲ. ಸೋತು ಕೂತ ಗಂಡನಿಗೆ ಲೋಯಿಸ್ ಒಂದು ವಿಷಯ ತೋರಿಸಿಕೊಟ್ಟರು: ಅಷ್ಟು ದಿನ ಬಿಲ್ ತಾವಂತೂ ಕುಡಿದಿರಲಿಲ್ಲ. ಉಪದೇಶ ಬಿಟ್ಟು ಮೊದಲು ಕಾಯಿಲೆಯ ಬಗ್ಗೆ ಮಾತಾಡಿ ಎಂದು ಡಾ. ಸಿಲ್ಕ್‌ವರ್ತ್ ಸಲಹೆ ಕೊಟ್ಟರು.

1935ರ ಮೇ ತಿಂಗಳಲ್ಲಿ ಒಂದು ಕಂಪನಿಯ ಆಡಳಿತ ಹಿಡಿಯುವ ಪೈಪೋಟಿಗಾಗಿ ಬಿಲ್ ಓಹಾಯೋ ರಾಜ್ಯದ ಆಕ್ರನ್‌ಗೆ ಹೋದರು. ಪೈಪೋಟಿಯಲ್ಲಿ ಸೋಲಾಯಿತು. ಜೊತೆಗೆ ಬಂದವರು ಊರಿಗೆ ಮರಳಿದರು. ಶನಿವಾರ ಸಂಜೆ ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ಬಿಲ್ ಒಬ್ಬರೇ. ಜೇಬಿನಲ್ಲಿ ಹತ್ತು ಡಾಲರ್ ಆಸುಪಾಸು. ಒಂದು ಕಡೆ ಬಾರ್, ಒಳಗಿಂದ ನಗು. ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ ಮತ್ತು ಫೋನ್. ಈ ಗಳಿಗೆಯಲ್ಲಿ ಅವರಿಗೆ ಬೇಕೆನಿಸಿದ್ದು ಡಾಕ್ಟರಲ್ಲ, ಗುರುವಲ್ಲ. ಮಾತಾಡಲು ಇನ್ನೊಬ್ಬ ಕುಡುಕ. ಪಾದ್ರಿಯೊಬ್ಬರಿಗೆ ಫೋನ್ ಮಾಡಿ, ಅವರು ಕೊಟ್ಟ ಹೆಸರುಗಳನ್ನು ಹಿಡಿದು ಒಂದೊಂದೇ ಕರೆ ಮಾಡಿದರು. ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆ ಸಿಕ್ಕರು. ಅವರಿಗೊಬ್ಬ ಪರಿಚಯದ ವೈದ್ಯರಿದ್ದರು, ಕುಡಿತದಿಂದ ವೃತ್ತಿಯನ್ನೇ ಕಳೆದುಕೊಳ್ಳುವ ಹಂತದಲ್ಲಿದ್ದವರು.

ಆ ವೈದ್ಯರೇ ಡಾ. ಬಾಬ್ ಸ್ಮಿತ್. ಶನಿವಾರ ಮಾತಾಡುವ ಸ್ಥಿತಿಯಲ್ಲೇ ಇರಲಿಲ್ಲ. ಮರುದಿನ ಮೇ 12, ಅಮ್ಮಂದಿರ ದಿನ. ಸಂಜೆ ಐದಕ್ಕೆ ಬಂದವರು, ಹದಿನೈದು ನಿಮಿಷ ಮಾತ್ರ ಕೂರುವುದೆಂದು ಮೊದಲೇ ತೀರ್ಮಾನಿಸಿದ್ದರು. ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ.

ಡಾ. ಬಾಬ್‌ಗೆ ಏನು ಕಡಿಮೆಯಿತ್ತು ಎಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಶಸ್ತ್ರವೈದ್ಯರಾದ ಅವರಿಗೆ ಮದ್ಯ ದೇಹಕ್ಕೆ ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಪ್ರಾರ್ಥನೆಯ ಕೊರತೆಯೂ ಇರಲಿಲ್ಲ, ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಆಕ್ಸ್‌ಫರ್ಡ್ ಗ್ರೂಪ್‌ಗೆ ಹೋಗುತ್ತಿದ್ದರು. ಕೈಬಿಡದ ಹೆಂಡತಿ ಆ್ಯನ್ ಇದ್ದರು. ಆದರೆ ಬಾಟಲಿಯನ್ನು ಎಲ್ಲೆಲ್ಲಿ ಬಚ್ಚಿಡುತ್ತಾರೆ, ಬೆಳಿಗ್ಗೆ ಕೈ ಹೇಗೆ ನಡುಗುತ್ತದೆ, ಹೆಂಡತಿಗೆ ಯಾವ ಸುಳ್ಳು ಹೇಳುತ್ತಾರೆ ಎಂಬುದನ್ನು ಸ್ವತಃ ಅನುಭವಿಸಿ ಬಲ್ಲ ಮನುಷ್ಯನೊಬ್ಬ ಎದುರು ಕೂತದ್ದು ಅದೇ ಮೊದಲು. ಅದಕ್ಕಿಂತ ಮುಖ್ಯವಾಗಿ, ಬಂದವನು ಸಹಾಯ ಮಾಡಲು ಬಂದಿರಲಿಲ್ಲ, ಕೇಳಲು ಬಂದಿದ್ದ. ತಾನು ಇವತ್ತು ಕುಡಿಯದಿರಬೇಕಾದರೆ ನೀವು ಬೇಕು ಎಂಬ ಮನುಷ್ಯನ ಮುಂದೆ ತಲೆ ತಗ್ಗಿಸಬೇಕಾಗಿರಲಿಲ್ಲ.

ಎಲ್ಲವೂ ಒಂದೇ ರಾತ್ರಿಯಲ್ಲಿ ಸರಿಹೋಗಲಿಲ್ಲ. ಬಿಲ್ ಆ ಬೇಸಿಗೆಯಲ್ಲಿ ಸ್ಮಿತ್ ದಂಪತಿಯ ಮನೆಯಲ್ಲೇ ಉಳಿದರು. ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋದ ಡಾ. ಬಾಬ್ ಕುಡಿದು ಬಂದರು. ಕೆಲವೇ ದಿನದಲ್ಲಿ ಆಪರೇಷನ್ ಮಾಡಬೇಕಿತ್ತು. ಆ ಬೆಳಿಗ್ಗೆ ಕೈ ನಡುಕ ನಿಲ್ಲಲೆಂದು ಬಿಲ್ ತಾವೇ ಒಂದು ಬಾಟಲಿ ಬಿಯರ್ ಕೊಟ್ಟರು. ಆಪರೇಷನ್ ಮುಗಿಸಿದ ವೈದ್ಯರು ಎಷ್ಟು ಹೊತ್ತಾದರೂ ಮನೆಗೆ ಬರಲಿಲ್ಲ. ಮನೆಯವರು ಕೆಟ್ಟದ್ದನ್ನೇ ಊಹಿಸಿದರು. ಅವರು ಹೋಗಿದ್ದು ತಮ್ಮಿಂದ ನೊಂದವರ, ಸಾಲ ಕೊಟ್ಟವರ ಮನೆ ಬಾಗಿಲಿಗೆ, ಲೆಕ್ಕ ಸರಿಮಾಡಲು. ಡಾ. ಬಾಬ್ ಕುಡಿದ ಕೊನೆಯ ದಿನವೆಂದು ಗುರುತಿಸುವ 1935ರ ಜೂನ್ 10 ಎಎ ಸ್ಥಾಪನೆಯ ದಿನವಾಯಿತು. ಅದೇ ತಿಂಗಳು ಇಬ್ಬರೂ ಆಸ್ಪತ್ರೆಯಲ್ಲಿ ಒಬ್ಬ ವಕೀಲರನ್ನು ಕಂಡರು. ನರ್ಸ್‌ಗಳ ಮೇಲೆ ಕೈಮಾಡಿದ್ದಕ್ಕೆ ಅವರನ್ನು ಮಂಚಕ್ಕೆ ಕಟ್ಟಿಹಾಕಿದ್ದರು. ಮೂರನೆಯವರಾಗಿ ಅವರೂ ಕುಡಿತ ಬಿಟ್ಟರು.

ಹಣ ಬೇಡವೆಂದ ಸದಸ್ಯರು

ಎರಡು ವರ್ಷ ಕಳೆಯುವಷ್ಟರಲ್ಲಿ ನ್ಯೂಯಾರ್ಕ್ ಮತ್ತು ಆಕ್ರನ್‌ನಲ್ಲಿ ಸುಮಾರು ನಲವತ್ತು ಜನ ಕುಡಿತದಿಂದ ದೂರವಿದ್ದರು. ಆ ಹೊತ್ತಿಗೆ ಟೌನ್ಸ್ ಆಸ್ಪತ್ರೆಯ ಮಾಲೀಕರು ಬಿಲ್‌ಗೆ ಕಚೇರಿ, ಸಂಬಳ, ಲಾಭದಲ್ಲಿ ಪಾಲು ಕೊಡುವುದಾಗಿ ಹೇಳಿ ಕೆಲಸಕ್ಕೆ ಕರೆದರು. ಮನೆಯಲ್ಲಿ ಹೆಂಡತಿಯೊಬ್ಬಳ ದುಡಿಮೆ. ಬಿಲ್ ಖುಷಿಯಿಂದಲೇ ಬಂದು ವಾರದ ಸಭೆಯಲ್ಲಿ ವಿಷಯ ಹೇಳಿದರು. ಅವರ ಮುಂದೆ ಕೂತಿದ್ದವರು, ಅವರಿಂದಲೇ ಕುಡಿತ ಬಿಟ್ಟವರು, ಬೇಡ ಎಂದರು. ಸಂಬಳ ತೆಗೆದುಕೊಂಡರೆ ಬಿಲ್ ಚಿಕಿತ್ಸಕ, ತಾವು ರೋಗಿಗಳು ಆಗಿಬಿಡುತ್ತೇವೆ ಎಂಬುದು ಅವರ ಅಳುಕು. ಬಿಲ್ ಒಪ್ಪಿಕೊಂಡರು. ಎಎ ಇತಿಹಾಸದಲ್ಲಿ ಆ ಬೆಳಕಿನ ಅನುಭವಕ್ಕಿಂತ ಈ ಸಂಜೆ ದೊಡ್ಡದು ಎನ್ನಬೇಕು. ಎಲ್ಲದರಲ್ಲೂ ಮೊದಲಿಗನಾಗಬೇಕೆಂದಿದ್ದವರು ತನ್ನವರ ಮಾತಿಗೆ ಮಣಿದ ಸಂಜೆ ಅದು.

ಕೋಟ್ಯಧಿಪತಿ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಬಳಿ 50,000 ಡಾಲರ್ ನಿರೀಕ್ಷಿಸಿ ಹೋದಾಗ ಸಿಕ್ಕಿದ್ದು 5,000. ಹೆಚ್ಚು ಹಣ ಈ ಕೆಲಸವನ್ನು ಕೆಡಿಸುತ್ತದೆ ಎಂಬುದು ರಾಕ್‌ಫೆಲ್ಲರ್ ಅಭಿಪ್ರಾಯ. ಬಿಲ್‌ಗೆ ಆಗ ನಿರಾಸೆಯಾಯಿತು.

1938ರಲ್ಲಿ ಬಿಲ್ ಹನ್ನೆರಡು ಹೆಜ್ಜೆಗಳನ್ನು ಬರೆದರು. ಮದ್ಯದ ಮುಂದೆ ತನ್ನ ಬಲ ನಡೆಯದು ಎಂದು ಒಪ್ಪುವುದು ಮೊದಲನೆಯದು. ತನ್ನ ತಪ್ಪುಗಳನ್ನು ಬರೆದು ಇನ್ನೊಬ್ಬರಿಗೆ ಹೇಳುವುದು, ನೋಯಿಸಿದವರ ಬಳಿ ಹೋಗಿ ಸರಿಪಡಿಸುವುದು ನಡುವಿನವು. ಇನ್ನೂ ಕುಡಿಯುತ್ತಿರುವವರ ಬಳಿಗೆ ಇದನ್ನು ಒಯ್ಯುವುದು ಕೊನೆಯದು. ದೇವರ ಮಾತು ಎಷ್ಟಿರಬೇಕು ಎಂಬ ಬಗ್ಗೆ ಜಗಳವಾಯಿತು. ನಾಸ್ತಿಕ ಸದಸ್ಯರು ಪಟ್ಟು ಹಿಡಿದದ್ದರಿಂದ ಪ್ರತಿಯೊಬ್ಬರೂ ತಾವು ಅರ್ಥಮಾಡಿಕೊಂಡ ದೇವರು ಎಂಬ ತಿದ್ದುಪಡಿ ಬಂತು. ಮುಂದೆ ಮುಂಬೈಯಂಥ ನಗರದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿಗಳು ಒಂದೇ ಕೋಣೆಯಲ್ಲಿ ಕೂರಲು ಈ ಸಣ್ಣ ತಿದ್ದುಪಡಿಯೇ ಜಾಗ ಮಾಡಿಕೊಟ್ಟಿತು.

1939ರ ಏಪ್ರಿಲ್‌ನಲ್ಲಿ ಪುಸ್ತಕ ಅಚ್ಚಾಯಿತು. ಅದೇ ತಿಂಗಳು ಕ್ಲಿಂಟನ್ ಸ್ಟ್ರೀಟ್ ಮನೆ ಸಾಲಕ್ಕೆ ಹೋಯಿತು. ಎರಡು ವರ್ಷ ದಂಪತಿ ಸ್ನೇಹಿತರ ಮನೆಯಿಂದ ಮನೆಗೆ ಅಲೆದರು. 1941ರ ಮಾರ್ಚ್‌ನಲ್ಲಿ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆ ಒಂದು ಲೇಖನ ಪ್ರಕಟಿಸಿದ ಮೇಲೆ ಸುಮಾರು 2,000 ಇದ್ದ ಸದಸ್ಯರು ವರ್ಷಾಂತ್ಯಕ್ಕೆ 8,000 ಆದರು.

ಬೆಳೆದಂತೆ ಕಿತ್ತಾಟವೂ ಬೆಳೆಯಿತು. ನೂರು ವರ್ಷದ ಹಿಂದೆ, 1840ರಲ್ಲಿ, ಬಾಲ್ಟಿಮೋರ್‌ನ ಆರು ಕುಡುಕರು ಶುರುಮಾಡಿದ ವಾಷಿಂಗ್ಟೋನಿಯನ್ ಚಳವಳಿ ಬಹಳ ದೊಡ್ಡದಾಗಿ, ರಾಜಕೀಯ ಮತ್ತು ಪಾನನಿಷೇಧದ ವಾದಗಳಲ್ಲಿ ಸಿಕ್ಕಿ ಚದುರಿಹೋಗಿತ್ತು. ಆ ಕತೆ ಬಿಲ್‌ಗೆ ಪಾಠವಾಯಿತು. 1946ರಲ್ಲಿ ಅವರು ಪ್ರಕಟಿಸಿದ ಹನ್ನೆರಡು ಸಂಪ್ರದಾಯಗಳ ಪ್ರಕಾರ ಎಎ ಹೊರಗಿನವರ ದೇಣಿಗೆ ತೆಗೆದುಕೊಳ್ಳದು, ಯಾವ ವಿವಾದದಲ್ಲೂ ಪಕ್ಷ ವಹಿಸದು, ಸದಸ್ಯರಾಗಲು ಕುಡಿತ ಬಿಡುವ ಆಸೆಯೊಂದೇ ಸಾಕು, ಮಾಧ್ಯಮಗಳ ಮುಂದೆ ಯಾರೂ ಪೂರ್ತಿ ಹೆಸರು ಹೇಳಬಾರದು. ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನು ಬಿಲ್ ನಿರಾಕರಿಸಿದ್ದೂ ಇದೇ ಕಾರಣಕ್ಕೆ. ಹೊಗಳಿಕೆಗೆ ಹಾತೊರೆಯುತ್ತಿದ್ದ ಮನುಷ್ಯನಿಗೆ ಅದು ಸುಲಭವಾಗಿರಲಿಲ್ಲ.

ಬಿಲ್ ಸಂತರಲ್ಲ. 1940ರ ದಶಕದ ಮಧ್ಯದಿಂದ ಹತ್ತು ವರ್ಷ ಖಿನ್ನತೆ ಅವರನ್ನು ಹಿಂಡಿತು. 1956ರಲ್ಲಿ ವೈದ್ಯರ ನಿಗಾದಲ್ಲಿ ಎಲ್‌ಎಸ್‌ಡಿ ತೆಗೆದುಕೊಂಡು ನೋಡಿದ್ದು ಸದಸ್ಯರಲ್ಲಿ ಅನೇಕರಿಗೆ ಹಿಡಿಸಲಿಲ್ಲ. ದಾಂಪತ್ಯಕ್ಕೂ ಅವರು ಪೂರ್ತಿ ನಿಷ್ಠರಾಗಿರಲಿಲ್ಲ. ಆ ಲೋಯಿಸ್ ಮಾತ್ರ 1951ರಲ್ಲಿ ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಕಟ್ಟಿದರು. ಕುಡಿಯುವವನಿಗೆ ಬೇಕಿದ್ದ ಜೊತೆಗಾರರು ಅವನ ಹೆಂಡತಿಗೂ ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾರತಕ್ಕೆ ಬಂದದ್ದು

1950ರಲ್ಲಿ ಡಾ. ಬಾಬ್ ತೀರಿಕೊಂಡರು. 1955ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಬಿಲ್ ಸಂಸ್ಥೆಯ ಹೊಣೆಯನ್ನು ಸದಸ್ಯರಿಗೇ ಒಪ್ಪಿಸಿದರು. 1957ರ ಹೊತ್ತಿಗೆ ಎಎ ಭಾರತಕ್ಕೂ ಬಂತು. ಇಲ್ಲಿನ ಅದರ ಮುಖ್ಯ ಕಚೇರಿ ಇವತ್ತಿಗೂ ಮುಂಬೈಯಲ್ಲಿದೆ. ಮಾದಕವಸ್ತುಗಳ ಚಟಕ್ಕೆ, ಜೂಜಿನ ಚಟಕ್ಕೆ ಇದೇ ಮಾದರಿಯ ಬಳಗಗಳು ಹುಟ್ಟಿಕೊಂಡವು.

ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ದಶಕಗಳ ಕಾಲ ಇತ್ತು. 2020ರಲ್ಲಿ ಪ್ರಕಟವಾದ ಕೊಕ್ರೇನ್ ಪರಾಮರ್ಶೆ 27 ಅಧ್ಯಯನಗಳ 10,565 ಜನರ ಮಾಹಿತಿ ನೋಡಿತು. ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಎಎ ಜೊತೆ ಬೆಸೆಯುವ ವ್ಯವಸ್ಥಿತ ಚಿಕಿತ್ಸೆಗಳು ಉಳಿದ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಕಂಡುಬಂತು. ಎಲ್ಲರಿಗೂ ಇದು ಒಗ್ಗುವುದಿಲ್ಲ, ತೀವ್ರ ಕುಡಿತವನ್ನು ತಟ್ಟನೆ ನಿಲ್ಲಿಸುವಾಗ ಆಸ್ಪತ್ರೆ ಬೇಕೇ ಬೇಕು.

ಕುಡಿತ ಬಿಟ್ಟ ಬಿಲ್‌ಗೆ ಸಿಗರೇಟು ಬಿಡುವುದು ಕಷ್ಟವಾಯಿತು. ಶ್ವಾಸಕೋಶ ಹಾಳಾಯಿತು. ಕೊನೆಯ ವಾರಗಳಲ್ಲಿ ಹಾಸಿಗೆಯಲ್ಲಿದ್ದಾಗ ಅವರು ವಿಸ್ಕಿ ಕೇಳಿದ್ದು ನರ್ಸ್‌ಗಳು ಬರೆದಿಟ್ಟ ಟಿಪ್ಪಣಿಗಳಲ್ಲಿದೆ. ಕೊಡಲಿಲ್ಲ. ಮೂವತ್ತಾರು ವರ್ಷ ಕುಡಿಯದೆ ಇದ್ದು 1971ರ ಜನವರಿ 24ರಂದು, ಮದುವೆಯಾಗಿ ಸರಿಯಾಗಿ 53 ವರ್ಷ ತುಂಬಿದ ದಿನ, ಮಯಾಮಿಯಲ್ಲಿ ತೀರಿಕೊಂಡರು. ಈಸ್ಟ್ ಡಾರ್ಸೆಟ್‌ನಲ್ಲಿರುವ ಸಮಾಧಿ ಕಲ್ಲಿನ ಮೇಲೆ ಅವರ ಹೆಸರಿದೆ, ಎಎ ಹೆಸರಿಲ್ಲ. ಅಲ್ಲಿಗೆ ಹೋದವರು ತಾವು ಕುಡಿಯದೆ ಕಳೆದ ದಿನಗಳ ಗುರುತಾಗಿ ಸಿಕ್ಕ ಬಿಲ್ಲೆಗಳನ್ನು ಕಲ್ಲಿನ ಮೇಲೆ ಇಟ್ಟು ಬರುತ್ತಾರೆ.