ಗದ್ದಲವಿಲ್ಲದ ತರಂಗ ಹುಡುಕಿದ ವಾಟ್ಸನ್-ವಾಟ್

ರೇಡಾರ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಪರದೆಯ ಮೇಲಿನ ಚುಕ್ಕೆ. ಮುಂಬೈಯಲ್ಲಿ ರೇಡಿಯೊ ಸಂಕೇತಗಳನ್ನು ಸೋಸುವ ತಂತ್ರಾಂಶ ಬರೆಯುವ ನನಗೆ ಚುಕ್ಕೆಗಿಂತ ಮೊದಲು ಕಾಣುವುದು ಗದ್ದಲ. ಒಂದೇ ತರಂಗಾಂತರದಲ್ಲಿ ಹತ್ತು ಜನ ಮಾತಾಡುತ್ತಿದ್ದರೆ ಕ್ಷೀಣ ಪ್ರತಿಧ್ವನಿ ಕೇಳುವುದು ಹೇಗೆ? ಈ ಪ್ರಶ್ನೆಯನ್ನು ಮೊದಮೊದಲು ಎದುರಿಸಿದವರಲ್ಲಿ ರಾಬರ್ಟ್ ವಾಟ್ಸನ್-ವಾಟ್ ಒಬ್ಬರು.

ಅವರು 1892ರಲ್ಲಿ ಸ್ಕಾಟ್ಲೆಂಡಿನ ಬ್ರೆಚಿನ್‌ನಲ್ಲಿ ಬಡಗಿಯ ಮಗನಾಗಿ ಹುಟ್ಟಿದರು. ಡಂಡೀಯಲ್ಲಿ ಓದಿ, 1915ರಲ್ಲಿ ಹವಾಮಾನ ಇಲಾಖೆ ಸೇರಿದರು. ಮಿಂಚು ಹೊರಡಿಸುವ ರೇಡಿಯೊ ಸದ್ದು ಹಿಡಿದು, ಗುಡುಗು ಮಳೆ ಎಲ್ಲಿದೆಯೆಂದು ಪತ್ತೆ ಮಾಡುವುದು ಅವರ ಕೆಲಸ. ಬೇರೆಯವರಿಗೆ ಕಿರಿಕಿರಿಯಾದ ಸದ್ದೇ ಅವರಿಗೆ ಸುದ್ದಿ.

1935ರ ಫೆಬ್ರುವರಿ 26ರಂದು ಡ್ಯಾವೆಂಟ್ರಿ ಬಳಿ ಅವರೂ ಸಹಾಯಕ ಆರ್ನಾಲ್ಡ್ ವಿಲ್ಕಿನ್ಸ್ ಅವರೂ ಬಿಬಿಸಿಯ 49 ಮೀಟರ್ ಪ್ರಸಾರವನ್ನೇ ಬಳಸಿ, ಅದರ ಅಲೆ ಬಾಂಬರ್ ವಿಮಾನಕ್ಕೆ ಬಡಿದು ಮರಳುವುದನ್ನು ತೋರಿಸಿದರು. ಮುಂದಿನ ಪ್ರಯೋಗ ಪೂರ್ವ ಕರಾವಳಿಯ ಆರ್ಫರ್ಡ್‌ನೆಸ್‌ನಲ್ಲಿ. ಬಾಂಬರಿನ ರೆಕ್ಕೆ ಸುಮಾರು 25 ಮೀಟರ್. ಅದರ ಇಮ್ಮಡಿಯಾದ 50 ಮೀಟರ್ ತರಂಗಾಂತರದಲ್ಲಿ ಪ್ರತಿಧ್ವನಿ ಜೋರಾಗಿರಬೇಕೆಂಬುದು ಲೆಕ್ಕ. ಆದರೆ ಅಲ್ಲಿ ವಾಣಿಜ್ಯ ರೇಡಿಯೊಗಳ ಸಂತೆ. ಅವರು ಲೆಕ್ಕಕ್ಕೆ ಜೋತುಬೀಳಲಿಲ್ಲ. 26 ಮೀಟರಿಗೆ, ಆಮೇಲೆ 13 ಮೀಟರಿಗೆ ಇಳಿದರು. ಅತ್ಯುತ್ತಮವಾದದ್ದಕ್ಕೆ ಕಾಯುತ್ತ ಕೂತರೆ ಅದು ಬರುವುದೇ ಇಲ್ಲ, ಮೂರನೆಯದಾದರೂ ಸರಿ, ಈಗ ಸಿಗಬೇಕು ಎಂಬುದು ಅವರ ನಿಲುವು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ಕರಾವಳಿಯಲ್ಲಿ ಸುಮಾರು 20 ಚೈನ್ ಹೋಮ್ ಕೇಂದ್ರಗಳು ಸಿದ್ಧವಿದ್ದವು. ಮರುವರ್ಷ ಜರ್ಮನ್ ವಿಮಾನಗಳು ಮುಗಿಬಿದ್ದಾಗ ಮುನ್ಸೂಚನೆ ಕೊಟ್ಟದ್ದು ಅವೇ.

1942ರಲ್ಲಿ ಅವರಿಗೆ ಸರ್ ಪದವಿ ಬಂತು. ಗದ್ದಲದ ಬೆಲೆ ಎಷ್ಟೆಂದು ತಿಳಿದದ್ದೂ ಅದೇ ವರ್ಷ. ಫೆಬ್ರುವರಿ 12ರಂದು ಮೂರು ದೊಡ್ಡ ಜರ್ಮನ್ ಯುದ್ಧನೌಕೆಗಳು ಇಂಗ್ಲಿಷ್ ಕಾಲುವೆಯಲ್ಲಿ ಹಗಲಲ್ಲೇ ಸಾಗಿಹೋದವು. ಅದಕ್ಕೂ ಮೊದಲು ಜರ್ಮನರು ಬ್ರಿಟಿಷ್ ಕರಾವಳಿ ರೇಡಾರ್‌ಗಳ ತರಂಗಗಳಲ್ಲಿ ಸ್ವಲ್ಪಸ್ವಲ್ಪವೇ ಸದ್ದು ಏರಿಸುತ್ತ ಬಂದಿದ್ದರು. ಕಾವಲಿನವರು ಅದನ್ನು ಹವೆಯ ದೋಷವೆಂದುಕೊಂಡರು. ಕಣ್ಣಿದ್ದೂ ಕುರುಡಾಗುವುದೆಂದರೆ ಇದೇ.

ಯುದ್ಧದ ನಂತರ ಕೆನಡಾದಲ್ಲಿ ವೇಗವಾಗಿ ಕಾರು ಓಡಿಸಿ, ಪೊಲೀಸರ ರೇಡಾರ್‌ಗೇ ಸಿಕ್ಕಿಬಿದ್ದು ದಂಡ ಕಟ್ಟಿದ ವಾಟ್ಸನ್-ವಾಟ್, 1973ರಲ್ಲಿ ಇನ್ವರ್ನೆಸ್‌ನಲ್ಲಿ ತೀರಿಕೊಂಡರು.

2008ರ ಮುಂಬೈ ದಾಳಿಯ ಬಳಿಕ ನಮ್ಮ ಕಡಲಂಚಿಗೂ ರೇಡಾರ್ ಸರಣಿ ಬಂದಿದೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಬಿಇಎಲ್. ಹಡಗು, ಮೊಬೈಲ್, ವೈಫೈ ಎಲ್ಲವೂ ಆಕಾಶ ಹಂಚಿಕೊಂಡಿರುವ ಈ ಕಾಲದಲ್ಲಿ ಖಾಲಿ ತರಂಗ ಸಿಗುವುದು ಇನ್ನೂ ಕಷ್ಟ. ದೂರ ನೋಡಬೇಕಾದರೆ ಮೊದಲು ಸದ್ದಿಲ್ಲದ ಜಾಗ ಹುಡುಕಬೇಕು ಎಂಬ ಅವರ ಪಾಠ ನನ್ನಂಥವರಿಗೆ ದಿನವೂ ಬೇಕು.