ದಂತಮಲದಲ್ಲಿ ಕಂಡ ಜೀವಲೋಕ

ಕೆಲವು ಸತ್ಯಗಳು ನಮಗೆ ಅತ್ಯಂತ ಸಮೀಪದಲ್ಲಿಯೇ ಅಡಗಿರುತ್ತವೆ. ಮಾನವನ ಬಾಯಿಯಲ್ಲಿಯೇ ಅಡಗಿದ್ದ ಅಂತಹ ಒಂದು ಸತ್ಯವನ್ನು ಮೊದಲು ಕಂಡವನು ಆಂಟನಿ ವಾನ್ ಲೀವೆನ್‌ಹಾಕ್.

ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ 1632ರ ಅಕ್ಟೋಬರ್ 24ರಂದು ಅವನು ಜನಿಸಿದನು. ಅವನ ತಂದೆ ಬುಟ್ಟಿ ಹೆಣೆಯುವ ಕಸುಬಿನವನು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ವ್ಯಾಪಾರಿಯೊಬ್ಬನಲ್ಲಿ ಕೆಲಸ ಕಲಿತ ಅವನು, ಮುಂದೆ ತನ್ನ ಊರಿನಲ್ಲಿ ಜವಳಿ ಅಂಗಡಿಯನ್ನು ತೆರೆದನು. ಅವನಿಗೆ ಉನ್ನತ ವಿದ್ಯಾಭ್ಯಾಸ ದೊರೆಯಲಿಲ್ಲ. ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಸಹ ತಿಳಿದಿರಲಿಲ್ಲ. ಆದರೆ ಗಾಜನ್ನು ಉಜ್ಜಿ ಪುಟ್ಟ ಮಸೂರಗಳನ್ನು ತಯಾರಿಸುವುದರಲ್ಲಿ ಅವನಿಗೆ ಸರಿಸಾಟಿಯಾದವರಿರಲಿಲ್ಲ.

ನೀರಿನಲ್ಲಿ ತಾನು ಕಂಡ ಅತಿಸೂಕ್ಷ್ಮ ಜೀವಿಗಳ ವಿಷಯವನ್ನು 1676ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಾಗ ಅಲ್ಲಿನ ಪಂಡಿತರು ಸಂದೇಹಪಟ್ಟರು. ಮರುವರ್ಷ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಸ್ವತಃ ಪರೀಕ್ಷಿಸಿ ಅದು ನಿಜವೆಂದು ಕಂಡನು. 1680ರಲ್ಲಿ ಆ ಸಂಸ್ಥೆಯು ಲೀವೆನ್‌ಹಾಕನನ್ನು ಸದಸ್ಯನನ್ನಾಗಿ ಆರಿಸಿ ಗೌರವಿಸಿತು.

ಅವನು ಶುಚಿತ್ವಪ್ರಿಯ. ಪ್ರತಿದಿನ ಬೆಳಿಗ್ಗೆ ಉಪ್ಪಿನಿಂದ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದನು. ಊಟದ ತರುವಾಯ ಕಡ್ಡಿಯಿಂದಲೂ ಬಟ್ಟೆಯಿಂದಲೂ ಹಲ್ಲುಗಳನ್ನು ಶುಚಿಗೊಳಿಸುತ್ತಿದ್ದನು. ಹೀಗಿದ್ದರೂ ಹಲ್ಲಿನ ಸಂದುಗಳಲ್ಲಿ ಹಿಟ್ಟಿನಂತಹ ಬಿಳಿಯ ಪದಾರ್ಥವು ಉಳಿದಿರುವುದನ್ನು ಗಮನಿಸಿದನು. ಅದನ್ನು ಮಳೆಯ ನೀರಿನಲ್ಲಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಸಂಖ್ಯ ಜೀವಿಗಳು ಚಲಿಸುತ್ತಿದ್ದವು! ಜೀವಮಾನದಲ್ಲಿ ಎಂದೂ ಹಲ್ಲುಜ್ಜದ ವೃದ್ಧನೊಬ್ಬನ ಬಾಯಿಯ ಮಲದಲ್ಲಿಯೂ ನಂಬಲಾಗದಷ್ಟು ಜೀವಿಗಳನ್ನು ಕಂಡನು. ತನ್ನ ಬಾಯಿಯ ಕೊಳೆಯನ್ನು ಹೇಳಿಕೊಳ್ಳಲು ಸಂಕೋಚಪಡದೆ, ಕಂಡುದೆಲ್ಲವನ್ನೂ 1683ರಲ್ಲಿ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದನು. 1723ರ ಆಗಸ್ಟ್ 26ರಂದು, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, ಅವನು ನಿಧನ ಹೊಂದಿದನು.

ಈ ಜೀವಿಗಳಿಗೂ ದಂತಕ್ಷಯಕ್ಕೂ ಇರುವ ಸಂಬಂಧವು ಅವನ ಕಾಲದಲ್ಲಿ ತಿಳಿದಿರಲಿಲ್ಲ. ಹುಳು ಹಲ್ಲನ್ನು ತಿನ್ನುತ್ತದೆಂದು ಅನೇಕರು ನಂಬಿದ್ದರು. ನಮ್ಮ ಹುಳುಕು ಹಲ್ಲು ಎಂಬ ಮಾತಿನಲ್ಲಿಯೂ ಆ ನಂಬಿಕೆಯ ಗುರುತು ಉಳಿದಿದೆ. ಬಾಯಿಯ ಸೂಕ್ಷ್ಮಜೀವಿಗಳು ಆಹಾರದ ಪಿಷ್ಟ ಮತ್ತು ಸಕ್ಕರೆಗಳಿಂದ ಆಮ್ಲವನ್ನು ಉಂಟುಮಾಡುತ್ತವೆಂದೂ ಆ ಆಮ್ಲವು ಹಲ್ಲನ್ನು ಕರಗಿಸುತ್ತದೆಂದೂ ಮಿಲ್ಲರ್ ಎಂಬ ದಂತವೈದ್ಯನು 1890ರಲ್ಲಿ ವಿವರಿಸಿದನು.

ಉಜ್ಜಿ ತೆಗೆದ ಪೊರೆಯು ಕೆಲವೇ ಗಂಟೆಗಳಲ್ಲಿ ಮತ್ತೆ ಕಟ್ಟತೊಡಗುತ್ತದೆ. ಆದುದರಿಂದಲೇ ಬೆಳಿಗ್ಗೆಯೂ ರಾತ್ರಿ ಮಲಗುವ ಮುನ್ನವೂ ಹಲ್ಲುಜ್ಜುವುದು ಅಗತ್ಯ. ಬರಿಗಣ್ಣಿಗೆ ಶುಚಿಯಾಗಿ ತೋರಿದ ತನ್ನ ಹಲ್ಲುಗಳನ್ನೇ ಸಂದೇಹಿಸಿದ ಆ ಜವಳಿ ವ್ಯಾಪಾರಿಯು ನಮಗೆ ಕಲಿಸಿದ ಪಾಠವಿದು.